ಕಿದ್ವಾಯಿ ನಗರದಲ್ಲಿ ಹಾಲಿನ ವಿಚಾರಣೆ

ಸಕಲ ಕ್ಷೀರಪ್ರಿಯ ಮಹಾಜನರೇ, ದೆಹಲಿವಾಸಿ ಕನ್ನಡ ಕುಲಕೋಟಿಯೇ, ಚಿತ್ತವಿಟ್ಟು ಲಾಲಿಸಿ!

ಹಾಲಿನೊಳಗೆ ಬೆಳಕು ಹಾಯಿಸಿ ಕೊಬ್ಬೆಷ್ಟು, ನೀರೆಷ್ಟು ಎಂದು ಹೇಳುವ ಯಂತ್ರವೊಂದನ್ನು ಕಾಲೇಜಿನ ಪ್ರಾಜೆಕ್ಟಿಗಾಗಿ ಕಟ್ಟಿದ್ದೇನೆ. ಇಂದು ಬೆಳಿಗ್ಗೆ ಚಿಕ್ಕಮ್ಮನ ಅಡುಗೆಮನೆಯಲ್ಲಿ ಅದರ ಉದ್ಘಾಟನೆ. ಒಲೆಗೇರಲಿದ್ದ ಪಾತ್ರೆಯಿಂದ ಒಂದು ಲೋಟ ಹಾಲು ತೆಗೆದು ಯಂತ್ರದಲ್ಲಿಟ್ಟೆ. "ನೀರು ಬೆರೆತಿದೆ" ಎಂದು ಪರದೆ ತೀರ್ಪು ಕೊಟ್ಟಿತು.

ಹಾಲಿನ ಭಯ್ಯಾ ಇನ್ನೂ ಬಾಗಿಲಲ್ಲೇ ಇದ್ದ.

"ಕಲ್ ಸೇ ಮತ್ ಆನಾ, ಭಯ್ಯಾ!" ಎಂದು ಪರದೆ ತೋರಿಸಿ, ನಾಳೆಯಿಂದ ಬರಲೇಬೇಡ ಎಂದುಬಿಟ್ಟರು ಚಿಕ್ಕಮ್ಮ.

ಅವನ ಮುಖ ಬಾಡಿತು. "ಭೈಂಸ್ ಕೀ ಕಸಮ್, ಭಾಭೀಜೀ! ಒಂದು ಹನಿ ನೀರೂ ಹಾಕಿಲ್ಲ" ಎಂದು ಎಮ್ಮೆಯ ಮೇಲೆ ಆಣೆಯಿಟ್ಟು ಹಿಂದಿಯಲ್ಲಿ ಗೋಗರೆದ.

ಚಿಕ್ಕಪ್ಪ ಪತ್ರಿಕೆಯಿಂದ ತಲೆಯೆತ್ತದೆ ಕೇಳಿದರು: "ಅಲ್ವೇ, ತಳ ಹಿಡೀಬಾರದು ಅಂತ ದಿನಾ ಪಾತ್ರೆಗೆ ಮೊದಲು ನೀರು ಹಾಕೋಳು ನೀನೇ ತಾನೇ?"

"ಅದು ನೀರಲ್ಲ ರೀ, ಪದ್ಧತಿ!"

ಭಯ್ಯಾನಿಗೆ ಕನ್ನಡ ಬಾರದು. ಚಿಕ್ಕಮ್ಮನ ಮುಖ ಓದಲು ಬಂತು. ಅವನ ನಿತ್ಯದ ಹಾಲಿನ ವರ್ತನೆ ಉಳಿಯಿತು, ಮೇಲೊಂದು ಲೋಟ ಕಾಫಿಯೂ ಸಿಕ್ಕಿತು. "ನನ್ನನ್ನೂ ಬಿಡಲಿಲ್ಲ ನೋಡು, ಸತ್ಯವಂತ ಯಂತ್ರ ಕಣೋ!" ಎಂದು ಚಿಕ್ಕಮ್ಮ ನನ್ನ ಬೆನ್ನು ತಟ್ಟಿದರು.

ಆಮೇಲೆ ಯಾರೂ ಇಲ್ಲದಾಗ ಖಾಲಿ ಲೋಟವಿಟ್ಟು ಪರೀಕ್ಷಿಸಿದೆ. ಅದರಲ್ಲೂ ನೀರು ಬೆರೆತಿದೆಯಂತೆ.