ತೊಟ್ಟಿಲ ಈರಬಸಪ್ಪನ ಹನ್ನೊಂದು ಚಿತ್ರ

ಅದಕ್ಕೇ ನಾನು ಹೇಳಿದ್ದು, ಆ ಕಾದಂಬರಿಯಲ್ಲಿ ದೆವ್ವ ಇಲ್ಲವೇ ಇಲ್ಲ ಅಂತ. ದೆವ್ವ ಇದ್ದಿದ್ದರೆ ಇಷ್ಟು ಹೆದರಿಕೆ ಆಗುತ್ತಲೇ ಇರಲಿಲ್ಲ. 'ಏಳನೇ ಅಗಳಿ'ಯಲ್ಲಿ ಇರುವುದು ಒಬ್ಬಳು ಸೊಸೆ, ಒಂದು ತುಂಬಿದ ಮನೆ, ಮತ್ತೆ ಅವಳ ತಲೆಯಲ್ಲಿ ಕೂತ ಒಂದು ಅನುಮಾನ. ತಾನು ಬೆನ್ನು ತಿರುಗಿಸಿದ ಕೂಡಲೇ ಮನೆಯವರೆಲ್ಲ ತನ್ನನ್ನೇ ನೋಡುತ್ತಾರೆ ಅಂತ ಅವಳಿಗೆ. ಅಷ್ಟೇ ಕತೆ. ಮೂರು ಸಲ ಓದಿದ್ದೇನೆ. ಮೂರನೇ ಸಲ ಓದಿದ್ದು ಹುಬ್ಬಳ್ಳಿ ಬಸ್ಸಿನಲ್ಲಿ, ಬೆಳಿಗ್ಗೆ ಹನ್ನೊಂದು ಗಂಟೆಗೆ, ಸುತ್ತ ಕಾಲೇಜಿನ ಹುಡುಗಿಯರು ಇದ್ದಾಗ. ಆದರೂ ಎರಡು ಸಲ ಹಿಂದಿನ ಸೀಟು ನೋಡಿದೆ.

ಆದರೆ ನಾನು ಹೇಳಬೇಕೆಂದಿರುವುದು ಅದಕ್ಕೆ ಚಿತ್ರ ಬರೆದವರ ವಿಷಯ.

ಹೋದ ಮಳೆಗಾಲದಲ್ಲಿ ಆ ಪುಸ್ತಕದ ವಿಶೇಷ ಆವೃತ್ತಿ ಬರುತ್ತದೆ ಅಂತ ಮೊಬೈಲಿನಲ್ಲಿ ಜಾಹೀರಾತು ಬಂತು. ಬರೀ ಮುನ್ನೂರು ಪ್ರತಿ, ಬಟ್ಟೆಯ ರಟ್ಟು, ಪ್ರತಿಯೊಂದಕ್ಕೂ ನಂಬರು, ಒಳಗೆ ಹನ್ನೊಂದು ಬಣ್ಣದ ಚಿತ್ರ, ಬರೆದವರದೂ ಚಿತ್ರಕಾರರದೂ ಸ್ವಂತ ಕೈಯಿಂದ ಮಾಡಿದ ಸಹಿ. ಚಿತ್ರಕಾರರ ಹೆಸರು ಮಾತ್ರ ಎಲ್ಲೂ ಹಾಕಿರಲಿಲ್ಲ. ನಾನು ಆಗಲೇ ಹೆಸರು ಹಚ್ಚಿಬಿಟ್ಟೆ. ಆಮೇಲೆ ಅವರು ನಮೂನೆಗೆ ಹಾಕಿದ್ದ ಒಂದು ಚಿತ್ರ ನೋಡಿದೆ. ಅಡಿಗೆಮನೆ. ಅತ್ತೆ ರೊಟ್ಟಿ ಬಡಿಯುತ್ತಿದ್ದಾಳೆ, ಮಾವ ಪೇಪರು ಹಿಡಿದಿದ್ದಾನೆ, ಮೈದುನ ಬಾಗಿಲಲ್ಲಿ ಕಾಲು ತೊಳೆಯುತ್ತಿದ್ದಾನೆ. ಮೂವರ ಮುಖವೂ ಅವರವರ ಕೆಲಸದ ಕಡೆ. ಮೂವರ ಕಣ್ಣೂ ನನ್ನ ಕಡೆ. ಮೊಬೈಲು ಆ ಕಡೆ ಈ ಕಡೆ ಓರೆ ಮಾಡಿದೆ, ಬಿಡಲಿಲ್ಲ, ಅಲ್ಲಿಗೂ ಬಂದವು.

ಮೈ ಜುಂ ಅಂತು. ಮರುಕ್ಷಣ ಅನಿಸಿತು, ಅರೆ, ಈ ಕಣ್ಣು ನನಗೆ ಗೊತ್ತಲ್ಲ! ಅಟ್ಟ ಹತ್ತಿ ನನ್ನ ತೊಟ್ಟಿಲಿನ ಮೇಲಿನ ಗೋಣಿ ಸರಿಸಿದೆ. ಬೆಣ್ಣೆ ತಿನ್ನುವ ಕೃಷ್ಣ, ಮೊಸರು ಕಡೆಯುವ ಯಶೋದೆ, ನಾಲ್ಕು ಗೋಪಿಯರು. ಬಾದಾಮಿಯಂಥ ಅದೇ ಕಣ್ಣು, ಅಂಚಿಗೆ ಅದೇ ಒಂದು ಚೂರು ಕೆಂಪು.

ನಮ್ಮ ಕಲಘಟಗಿಯ ಬಣ್ಣದ ತೊಟ್ಟಿಲು ನೀವು ನೋಡಿಯೇ ಇರುತ್ತೀರಿ. ನನ್ನದನ್ನು ಬರೆದವರು ಈರಬಸಪ್ಪ ಕಾಕಾ. ಈಗ ಅರವತ್ತೆರಡು. ಸಣ್ಣ ಕೆಲಸಕ್ಕೆ ಒಂದು ಚಷ್ಮಾದ ಮೇಲೆ ಇನ್ನೊಂದು ಚಷ್ಮಾ ಹಾಕುತ್ತಾರೆ, ತೆಗೆಯುವಾಗ ಯಾವಾಗಲೂ ಒಂದನ್ನು ಮರೆಯುತ್ತಾರೆ. ಹುಟ್ಟಲಿರುವ ಕೂಸಿಗೆಲ್ಲ ಅವರು ಸಾಹುಕಾರ್ರು ಅಂತಲೇ ಕರೆಯುವುದು. ತೊಟ್ಟಿಲು ಬೇಕೆಂದು ಹೇಳಲು ಹೋದವರನ್ನು ಕೇಳುವ ಮೊದಲ ಮಾತೇ "ಸಾಹುಕಾರ್ರು ಯಾವಾಗ ಬರೂದು?" ಅಂತ.

ಅವರ ಮನೆತನದ ಒಂದು ಪದ್ಧತಿ ಇದೆ. ಅರಗಿನ ಬಣ್ಣ ಹಚ್ಚಿ, ಕೇದಿಗೆ ಎಲೆಯಿಂದ ಉಜ್ಜಿ ಹೊಳಪು ತಂದು, ಎಲ್ಲ ಮುಗಿದ ಮೇಲೆ ಕಣ್ಣು ಬರೆಯುತ್ತಾರೆ. ಕಣ್ಣು ಬರೆಯುವ ಮೊದಲು ಕೂಸಿನ ತಲೆಯಷ್ಟು ದಪ್ಪ ಒಂದು ಅರಿಬಿ ಗಂಟು, ಅಂದರೆ ಬಟ್ಟೆಯ ಗಂಟು, ಕಟ್ಟಿ ತೊಟ್ಟಿಲೊಳಗೆ ಇಡುತ್ತಾರೆ. ರಾಮ ಬಿಲ್ಲು ಮುರಿಯುತ್ತಿರಲಿ, ನವಿಲು ಕುಣಿಯುತ್ತಿರಲಿ, ಅವರ ಕಣ್ಣು ಮಾತ್ರ ಆ ಗಂಟಿನ ಮೇಲೆ ಇರಬೇಕು. ಕೂಸು ಯಾವ ಮಗ್ಗುಲಿಗೆ ಹೊರಳಿದರೂ ಅದನ್ನು ನೋಡುವವರು ಒಬ್ಬರು ಇರುತ್ತಾರೆ. ಮುಸಲ್ಮಾನರ ಮನೆಗೆ ಬಳ್ಳಿ, ಹೂ, ಗಿಳಿ ಬರೆಯುತ್ತಾರಲ್ಲ, ಆ ಗಿಳಿಗಳೂ ಹಾಗೇ.

ಕಾದಂಬರಿ ಬರೆದ ಮಹಾನಂದಾ ಅವರು ಅಣ್ಣಿಗೇರಿಯಲ್ಲಿ ಹೈಸ್ಕೂಲ್ ಮಾಸ್ತರಿಣಿ. ತಂಗಿಗೆ ತೊಟ್ಟಿಲು ಹೇಳಲು ಬಂದವರು ಕಾಕಾನ ಕೈ ನೋಡಿ, ನನ್ನ ಪುಸ್ತಕಕ್ಕೆ ಬರೆದುಕೊಡಿ ಅಂದರಂತೆ. ಹೆದರಿಸುವ ಪುಸ್ತಕ ಅಂತ ಗೊತ್ತಾದ ಕೂಡಲೇ ಕಾಕಾ ಕೈ ಮುಗಿದರು, ರಾಕ್ಷಸರನ್ನು ಬರೆಯುವ ಕೈ ಇದಲ್ಲ ಅಂತ. ರಾಕ್ಷಸರು ಬೇಡ, ಮನೆಯೊಳಗಿನ ಮಂದಿ ತಮ್ಮ ಪಾಡಿಗೆ ಕೆಲಸ ಮಾಡುವುದು ಸಾಕು ಅಂದರು ಮಹಾನಂದಾ. ಅದೇನು ಮಹಾ ಅಂತ ಕಾಕಾ ಒಪ್ಪಿಕೊಂಡರು.

ಮೊದಲ ಚಿತ್ರ ಮುಗಿದಾಗ ಮಹಾನಂದಾ ನೋಡಿ, ಕುಡಿಯಲು ನೀರು ಕೇಳಿದರಂತೆ. ಕಾಕಾನಿಗೆ ತಮ್ಮ ತಪ್ಪು ಆಗ ಹೊಳೆಯಿತು. ಕತೆಯ ಪ್ರಕಾರ ಎಲ್ಲರೂ ಮೂಲೆಯಲ್ಲಿ ನಿಂತ ಸೊಸೆಯನ್ನು ನೋಡಬೇಕಿತ್ತು. ಇವರು ಅಭ್ಯಾಸದಂತೆ ಅರಿಬಿ ಗಂಟು ಕಟ್ಟಿ, ಇಡಲು ತೊಟ್ಟಿಲಿಲ್ಲವಲ್ಲ ಅಂತ ತಮ್ಮ ಎದುರಿನ ಮಣೆಯ ಮೇಲೆ ಇಟ್ಟುಕೊಂಡು ಕಣ್ಣು ಬರೆದುಬಿಟ್ಟಿದ್ದರು. ಸೊಸೆಯನ್ನು ಒಬ್ಬರೂ ನೋಡುತ್ತಿಲ್ಲ, ಪುಸ್ತಕ ಹಿಡಿದವರನ್ನೇ ನೋಡುತ್ತಿದ್ದಾರೆ. ಬೇರೆ ಬರೆದುಕೊಡುತ್ತೇನೆ ಅಂದರೆ ಆಕೆ ಒಂದು ರೆಪ್ಪೆಯನ್ನೂ ಮುಟ್ಟಬೇಡಿ ಅಂದರು. ಹೀಗೆ ಏಳು ತಿಂಗಳು, ಹನ್ನೊಂದು ಚಿತ್ರ.

ಇದೆಲ್ಲ ನನಗೆ ಗೊತ್ತಾದದ್ದು ನಾನು ಮೊಬೈಲು ಹಿಡಿದು ಅವರ ಮನೆಗೆ ಓಡಿದ ಮೇಲೆ. ಕಾಕಾ ಮೊದಲು ತಮ್ಮದಲ್ಲ ಅಂದರು. ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ, ಕಿವಿ ಕೆಂಪಾಗುತ್ತದೆ. ಅವರ ಹೆಂಡತಿ ಕಸ್ತೂರೆವ್ವ ಕಾಕು ಒಳಗಿನಿಂದ ಒಂದು ಪೆಟ್ಟಿಗೆ ತಂದು ಎದುರಿಗೆ ಇಟ್ಟರು. ಒಳಗೆ ಮುನ್ನೂರು ಬಿಡಿ ಹಾಳೆ. ಎಡಗಡೆ ಮಹಾನಂದಾ ಅವರ ಸಹಿ, ಬಲಗಡೆ ಖಾಲಿ. ಕಾಕಾ ಸಹಿ ಮಾಡಿ ಕೊಟ್ಟರೆ ಅದನ್ನು ಒಂದೊಂದು ಪುಸ್ತಕಕ್ಕೆ ಸೇರಿಸಿ ಹೊಲಿಯುತ್ತಾರೆ. ಬಂದು ಹನ್ನೆರಡು ದಿನ ಆಗಿತ್ತು. ಒಂದಕ್ಕೂ ಕೈ ಹಚ್ಚಿರಲಿಲ್ಲ. ಮಂಗಳವಾರ ಒಯ್ಯಲು ಬರುವವರಿದ್ದರು.

"ಹೆಸರ ಹಾಕಿದ್ರ ಊರಿಗೆಲ್ಲಾ ಗೊತ್ತಾಕೈತಿ," ಅಂದರು ಕಾಕು. "ದೆವ್ವದ ಪುಸ್ತಕಾ ಬರದ ಕೈಲೆ ಬರದ ತೊಟ್ಟಲದಾಗ ಯಾವ ಬಾಣಂತಿ ಕೂಸ ಹಾಕ್ಯಾಳ ನೀನ ಹೇಳ ಅರುಣಾ."

ದೆವ್ವ ಇಲ್ಲ ಕಾಕು ಅದರಲ್ಲಿ ಅಂತ ನಾನು ಶುರು ಮಾಡಿದೆ. ಆಕೆ ಕೇಳುವ ಸ್ಥಿತಿಯಲ್ಲಿ ಇರಲಿಲ್ಲ. ನಾಲ್ಕು ತಲೆಮಾರಿನ ಕೆಲಸ ಅದು. ಕಾಕಾ ಎರಡೂ ಚಷ್ಮಾ ಒರೆಸಿ ಆಮೇಲೆ ಹೇಳಿದರು:

"ಆ ಏಳ ತಿಂಗಳದಾಗ ಎರಡ ತೊಟ್ಟಲಾ ಹೋಗ್ಯಾವ. ಅಳ್ನಾವರಕ್ಕೊಂದು, ದುಮ್ಮವಾಡಕ್ಕೊಂದು. ಮುಂಜಾನಿ ಇದನ್ನ ಬರದ ಮಧ್ಯಾಹ್ನ ಅದನ್ನ ಬರದೇನಿ. ಅವರಿಗೆ ಹೇಳದ ನಾ ಸಹಿ ಮಾಡಾಂವಲ್ಲ. ಇಬ್ಬರೊಳಗ ಒಬ್ಬರ ತೊಟ್ಟಲಾ ತಿರಗಿ ಕೊಟ್ರೂ ಈ ಹಾಳಿ ಹಿಂಗ ಖಾಲಿ ಹೋಗತಾವ."

ನಾನು ದೊಡ್ಡ ಮನಸ್ಸಿನವಳೇನಲ್ಲ, ನನ್ನ ಪುಸ್ತಕದ ಚಿಂತೆ ನನಗೆ. ನನ್ನ ಸ್ಕೂಟಿ ಮೇಲೆ ಹೋಗೋಣ ಬನ್ನಿ ಅಂದೆ.

ಭಾನುವಾರ ಹೊರಟೆವು. ಹನ್ನೊಂದೂ ಚಿತ್ರಗಳ ಪ್ರತಿಯನ್ನು ಪ್ಲಾಸ್ಟಿಕ್ ಫೈಲಿನಲ್ಲಿ ಹಾಕಿ ಕಾಕಾ ಹೊಟ್ಟೆಗೆ ಅವಚಿಕೊಂಡು ಕೂತರು. ದೂರದ್ದು ಮೊದಲು ಅಂತ ಅಳ್ನಾವರಕ್ಕೆ. ದಾರಿಯುದ್ದಕ್ಕೂ ನಾಟಿ ಮಾಡಿದ ಗದ್ದೆ ಹಸಿರು, ಮೋಡ ಕೆಳಗೇ ಇತ್ತು. ನನಗೆ ಹಾಡು ಬರುತ್ತಿತ್ತು. ಹಿಂದೆ ಕಾಕಾ ಮಾತ್ರ ಹೇಳಬೇಕಾದ ಮಾತನ್ನು ಪರೀಕ್ಷೆಗೆ ಹೋಗುವವರ ಹಾಗೆ ಬಾಯಲ್ಲೇ ಉರು ಹೊಡೆಯುತ್ತಿದ್ದರು.

ಅಳ್ನಾವರದಲ್ಲಿ ಮೌಲಾಬಿ ಅಜ್ಜಿಯ ಮನೆ ಸ್ಟೇಶನ್ನಿನ ಹತ್ತಿರ. ಮಗ ಜಾಕೀರ್ ಚಹಾದ ಅಂಗಡಿ ಇಟ್ಟಿದ್ದಾನೆ, ಅವನ ಮಗಳಿಗೆ ಐದು ತಿಂಗಳು. ನಾವು ಹೋದಾಗ ರೈಲೊಂದು ಮನೆ ನಡುಗಿಸಿಕೊಂಡು ಹೋಯಿತು. ಗಿಳಿಗಳ ನಡುವೆ ಮಲಗಿದ್ದ ಕೂಸು ಮಿಸುಕಲಿಲ್ಲ. ಕಾಕಾ ಉರು ಹೊಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ ಫೈಲು ಎದುರಿಗಿಟ್ಟರು. ಅಜ್ಜಿ ಒಂದು ನೋಡಿದಳು, ಎರಡು ನೋಡಿದಳು. ನಾಲ್ಕನೆಯದಕ್ಕೆ ಫೈಲು ಮುಚ್ಚಿ ದೂರ ನೂಕಿದಳು. ಕಾಕಾನ ಮುಖ ಇಳಿದುಹೋಯಿತು.

"ಇದನ್ನ ಮೊದಲ ನನ್ನ ಮನಿಯಿಂದ ಹೊರಗ ಒಯ್ಯೋ ಮಾರಾಯಾ," ಅಂದಳು ಅಜ್ಜಿ.

"ತೊಟ್ಟಲಾನೂ ಒಯ್ಯಲೇನ್ರಿ?" ಕಾಕಾ ಮೆಲ್ಲಗೆ ಕೇಳಿದರು.

"ತೊಟ್ಟಲಾ ಮುಟ್ಟಿದ್ರ ಕೈ ಮುರದೇನ. ದಿನಕ್ಕ ಹದಿನೆಂಟ ಗಾಡಿ ಹೋಗತಾವಿಲ್ಲೆ. ಆಕಿ ಅದರಾಗ ಅಷ್ಟ ಮಲಗತಾಳ. ನೀ ಒಯ್ದರ ರಾತ್ರೆಲ್ಲಾ ತೂಗಾಕ ನಿಮ್ಮಪ್ಪ ಬರತಾನೇನ?"

ಜಾಕೀರ್ ನಗುತ್ತ ಎರಡು ಚಹಾ ತಂದ. ಅಜ್ಜಿ ಫೈಲನ್ನು ಬಾಗಿಲಾಚೆ ಇಡಿಸಿ ನಮಗೆ ಊಟ ಹಾಕಿಯೇ ಕಳಿಸಿದಳು. ಹೊರಗೆ ಬಂದ ಮೇಲೆ ಕಾಕಾ ಒಂದೇ ಮಾತು ಅಂದರು, ಒಬ್ಬರು ಒಪ್ಪಿದರು ಅಂತ.

ದುಮ್ಮವಾಡ ಅಷ್ಟು ಸಲೀಸಾಗಲಿಲ್ಲ. ಅಲ್ಲಿ ಫಕೀರವ್ವ ಅಂತ ಅಜ್ಜಿ, ಕುರಿ ಕಾದ ಮನೆತನ, ಮಾತು ಬಹಳ ಕಡಿಮೆ. ಸೊಸೆ ಸೀಮಾ ಹೆತ್ತು ನಾಲ್ಕು ತಿಂಗಳು. ಆಕೆಗೆ ಮೊದಲು ಎರಡು ಸಲ ಬಸಿರು ನಿಂತಿರಲಿಲ್ಲ. ಈ ಕೂಸಿಗೋಸ್ಕರ ಬರೆಸಿದ ತೊಟ್ಟಿಲು ಅದು, ಅದಕ್ಕೇ ಕಾಕಾನಿಗೆ ಇದರದೇ ಹೆಚ್ಚು ಅಂಜಿಕೆ. ಇಲ್ಲಿ ಅವರಿಗೆ ಉರು ಹೊಡೆದದ್ದು ನೆನಪಾಗಲಿಲ್ಲ. ತಡವರಿಸುತ್ತ, ಮನಸ್ಸಿಗೆ ಬಾರದಿದ್ದರೆ ತಿರುಗಿ ಕೊಡಬಹುದು, ನನಗೆ ಸಿಟ್ಟಿಲ್ಲ ಅಂತ ಹೇಳಿ ಮುಗಿಸಿದರು.

ಫಕೀರವ್ವ ಎದ್ದಳು. ಒಳಗೆ ಹೋಗಿ ಕೂಸನ್ನು ಎತ್ತಿ ಸೀಮಾಳ ಕೈಗೆ ಕೊಟ್ಟಳು. ಆಮೇಲೆ ಸರಪಳಿಯಿಂದ ತೊಟ್ಟಿಲು ಬಿಚ್ಚಿದಳು. ನಾನು ಆಯ್ತು, ಮುಗೀತು ಅಂದುಕೊಂಡೆ. ಕಾಕಾ ಎದ್ದು ನಿಂತು ಹಿಡಿಯಲು ಕೈ ಚಾಚಿದರು. ಆಕೆ ಅವರ ಕೈಗೆ ಕೊಡಲಿಲ್ಲ. ಅಂಗಳದ ಬೆಳಕಿಗೆ ತಂದು ಇಳಿಸಿ, ಫೈಲಿನ ಚಿತ್ರಗಳನ್ನು ಒಂದೊಂದಾಗಿ ತೊಟ್ಟಿಲ ಬಾಜು ಹಿಡಿದು ನೋಡುತ್ತ ಹೋದಳು. ಈ ತೊಟ್ಟಿಲ ಮೇಲೂ ಇದ್ದ ಯಶೋದೆಯ ಪಕ್ಕಕ್ಕೆ ರೊಟ್ಟಿ ಬಡಿಯುವ ಅತ್ತೆ. ಹನ್ನೊಂದೂ ನೋಡಿದಳು. ನಮಗೆ ಅದು ಒಂದು ದಿನದಷ್ಟು ಉದ್ದ ಆಯಿತು.

"ಇವರೂ ಅವರ ಅದಾರಲ್ಲೋ," ಅಂದಳು ಕಡೆಗೆ.

"ಹೌದಬೇ. ಕೈ ಒಂದ," ಅಂದರು ಕಾಕಾ.

"ಅಂಜಸಾಕ ಬರದಿಯೇನ?"

"ಇಲ್ಲಬೇ. ನನಗ ಅಂಜಸಾಕ ಬರೂದಿಲ್ಲ. ಕೂಸಿನ್ನ ನೋಡಾಕ ಹಚ್ಚಿದ್ದೆ. ಅವರ ಯಾಕ ಅಂಜತಾರೋ ನನಗೂ ತಿಳಿವಲ್ದು."

ಫಕೀರವ್ವ ಮತ್ತೆ ಆ ಅತ್ತೆಯ ಮುಖ ನೋಡಿದಳು.

"ಕೂಸ ಇದ್ದಾಗ ಎಲ್ಲಾರೂ ನೋಡ್ತಾರ ಅಂತ ನಕ್ಕೋತ ಮಲಗತೇವಿ. ದೊಡ್ಡಾವ್ರಾದ್ವೆಂದ್ರ ಅದಕ್ಕ ಅಂಜತೇವಿ," ಅಂದಳು. "ನಿಂದೇನ ತಪ್ಪೈತಿ?"

ನಾನು ಮೂರು ಸಲ ಓದಿದ್ದೆ. ಇಡೀ ಕಾದಂಬರಿ ಆಕೆಗೆ ಓದದೇ ತಿಳಿದುಬಿಟ್ಟಿತ್ತು.

ಅಷ್ಟಕ್ಕೇ ಬಿಡಲಿಲ್ಲ ಆಕೆ. ತೊಟ್ಟಿಲು ಮಗುಚಿ ಅಡಿಭಾಗ ತೋರಿಸಿ, "ಪುಸ್ತಕಕ್ಕ ಹೆಸರ ಹಾಕಾಂವ, ನಮ್ಮದಕ್ಕ್ಯಾಕ ಹಾಕಿಲ್ಲ? ಹಾಕಿ ಹೋಗು" ಅಂದಳು. ತೊಟ್ಟಿಲಿಗೆ ಬರೆದವರ ಹೆಸರು ಹಾಕುವ ರೂಢಿಯೇ ಇಲ್ಲ. ಕಾಕಾನ ಅಪ್ಪ ಹಾಕಲಿಲ್ಲ, ಅಜ್ಜ ಹಾಕಲಿಲ್ಲ. ಕಾಕಾ ಅದನ್ನೇ ಹೇಳಹೋದರು. ಆಕೆ ಕೇಳಿಸಿಕೊಳ್ಳಲಿಲ್ಲ. ಸೀಮಾ ಒಂದು ಸ್ಕೆಚ್ ಪೆನ್ನು ಹುಡುಕಿ ತಂದಳು. ಕಾಕಾ ಕಣ್ಣೊರೆಸಿಕೊಂಡು, ಎರಡೂ ಚಷ್ಮಾ ಹಾಕಿಕೊಂಡು, ಅಂಗಳದಲ್ಲಿ ಮೊಣಕಾಲೂರಿ ತಮ್ಮ ಹೆಸರು ಬರೆದರು. ರೆಪ್ಪೆ ನೆಟ್ಟಗೆ ಬರೆಯುವ ಕೈಗೆ ಹೆಸರು ಬರೆದು ರೂಢಿಯಿರಲಿಲ್ಲ, 'ಪ್ಪ' ಸ್ವಲ್ಪ ಸೊಟ್ಟ ಬಂತು. ಸೀಮಾ ಜೋರಾಗಿ ನಕ್ಕಳು, ಕೂಸೂ ನಕ್ಕಿತು, ಫಕೀರವ್ವ ಮಾತ್ರ ಗಂಭೀರವಾಗಿ ಬಗ್ಗಿ ಒಂದೊಂದೇ ಅಕ್ಷರ ಎಣಿಸಿದಳು. ಆಕೆಗೆ ಓದಲು ಬರುವುದಿಲ್ಲ, ಆದರೂ ಐದು ಅಕ್ಷರ ಸರಿಯಾಗಿ ಲೆಕ್ಕ ಹಾಕಿ ತಲೆಯಾಡಿಸಿದಳು.

ಸೋಮವಾರ ನಾನು ಕಾಲೇಜಿಗೆ ಹೋಗಲಿಲ್ಲ. ಕಾಕಾ ಪೆನ್ನು ಬೇಡ ಅಂದರು. ಕಣ್ಣು ಬರೆಯುವ ಕುಂಚ ತೆಗೆದು ಕೆಂಪಿನಲ್ಲಿ ಸಹಿ ಮಾಡುತ್ತ ಹೋದರು. ನಾನು ಹಾಳೆ ಸರಿಸುವುದು, ಕಾಕು ಒಣಗಲು ಹರವುವುದು. ಪಡಸಾಲೆ ತುಂಬಿತು, ಅಡಿಗೆಮನೆ ತುಂಬಿತು, ಕಡೆಗೆ ಹಾಸಿಗೆಯ ಮೇಲೂ ಹರವಿದೆವು. ಅನ್ನಕ್ಕೆ ಇಡಲು ಜಾಗವಿಲ್ಲದೆ ಮೂವರೂ ಕಟ್ಟೆಯ ಮೇಲೆ ನಿಂತು ಮಂಡಕ್ಕಿ ತಿಂದೆವು. ನೂರಾದ ಮೇಲೆ 'ಪ್ಪ' ನೆಟ್ಟಗಾಯಿತು. ಇನ್ನೂರಾದ ಮೇಲೆ ಅದಕ್ಕೊಂದು ಬಾಲವೂ ಬಂತು. ನಿಮ್ಮ ಗಂಡ ಈಗ ದೊಡ್ಡ ಸಾಹೇಬರ ಹಾಗೆ ಸಹಿ ಮಾಡುತ್ತಾರೆ ಅಂತ ನಾನು ಕಾಕುವನ್ನು ಕಾಡಿದೆ. ಆಕೆ ಬೈದರು, ಆದರೆ ಒಂದು ಹಾಳೆ ಎತ್ತಿ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

ಪುಸ್ತಕ ಬಂದು ಈಗ ಎರಡು ತಿಂಗಳು. ನನ್ನದು ನೂರಾ ಹನ್ನೆರಡನೇ ನಂಬರು, ಯಾರಿಗೂ ಕೊಡುವುದಿಲ್ಲ, ಕೇಳಬೇಡಿ. ತೊಟ್ಟಿಲು ಹೇಳುವುದು ನಿಂತಿಲ್ಲ. ಒಂದಿಬ್ಬರು ಬಾಯಿ ಮಾಡಿದರು, ಇಲ್ಲ ಅನ್ನುವುದಿಲ್ಲ. ಅವರಿಗೆ ಕಾಕಾ ತಾವೇ ಪುಸ್ತಕ ತೆಗೆದು ತೋರಿಸುತ್ತಾರೆ, ಮೊದಲು ಇದನ್ನು ನೋಡಿ, ಆಮೇಲೆ ಬೇಕೋ ಬೇಡವೋ ಹೇಳಿ ಅಂತ. ಈಗ ಅವರು ಎಲ್ಲ ತೊಟ್ಟಿಲ ಅಡಿಗೂ ಹೆಸರು ಬರೆಯುತ್ತಾರೆ.

ನೀವು ಈ ಕಡೆ ಬಂದರೆ ನೋಡದೆ ಹೋಗಬೇಡಿ. ಕಲಘಟಗಿ ಸ್ಟ್ಯಾಂಡಿನಲ್ಲಿ ಇಳಿದು ಯಾರನ್ನು ಕೇಳಿದರೂ ಮನೆ ತೋರಿಸುತ್ತಾರೆ. ಮಧ್ಯಾಹ್ನ ಮಲಗುತ್ತಾರೆ, ಬೆಳಿಗ್ಗೆಯೇ ಹೋಗಿ. ಕೊಳ್ಳಲೇಬೇಕು ಅಂತಿಲ್ಲ, ಸುಮ್ಮನೆ ಎದುರಿಗೆ ಕೂತು ಅವರು ಕಣ್ಣು ಬರೆಯುವುದನ್ನು ಒಂದು ತಾಸು ನೋಡಿ. ಅರುಣಾ ಕಳಿಸಿದಳು ಅಂತ ಹೇಳಿ. ಹೋಗಿ ಬರ್ರಿ.