ಬಾಗಿಲಿಗೆ ನಾಲ್ಕು ಕಲ್ಲು

ಆಗ ನನಗೆ ನಲವತ್ತೊಂಬತ್ತು. ಈಗ ಎಣಿಸಿದರೆ ಇಪ್ಪತ್ತಾರು ವರ್ಷದ ಹಿಂದಿನ ಮಾತು. ನಾನು ಸಾಲಿಗೆ ಹೋದವಳಲ್ಲ. ಮಹಿಳಾ ಸಂಘಕ್ಕೆ ಸೇರಿದ ಮೇಲೆ ಸಹಿ ಕಲಿತೆ, ಆಮೇಲೆ ಅಷ್ಟಿಷ್ಟು ಬರೆಯಲು ಬಂತು. ಸುತ್ತಿ ಬಳಸಿ ಹೇಳಲು ಬರುವುದಿಲ್ಲ. ನನಗೆ ನನ್ನ ನೆಗೆಣ್ಣಿಯ ಮೇಲೆ ಹೊಟ್ಟೆಕಿಚ್ಚು ಇತ್ತು.

ನೆಗೆಣ್ಣಿ ಎಂದರೆ ನನ್ನ ಗಂಡನ ತಮ್ಮನ ಹೆಂಡತಿ. ಬೆಲ್ಲದ ಬಾಗೇವಾಡಿಯಿಂದ ಬಂದವಳು, ಏಳನೆಯ ತರಗತಿ ಪಾಸು. ನಮ್ಮಿಬ್ಬರ ಮನೆಗೆ ನಡುವೆ ಒಂದೇ ಗೋಡೆ. ಮೊದಲು ಓಣಿಯ ಹೆಂಗಸರು ಕೂಸಿನ ಹೊಟ್ಟೆನೋವಿಗೂ, ಕನ್ಯೆ ನೋಡುವ ಮಾತಿಗೂ ನನ್ನ ಕಟ್ಟೆಗೇ ಬರುತ್ತಿದ್ದರು. ಸಂಘ ಆದ ಮೇಲೆ ಅವಳ ಕಟ್ಟೆಗೆ ಹೋಗತೊಡಗಿದರು. ನಾನು ನನ್ನ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ಅವರ ನಗೆ ಕೇಳುತ್ತಿದ್ದೆ. ಸಿಟ್ಟಿಗೆ ಕಲ್ಲಿನ ಜೊತೆ ಒಳ್ಳೆಯ ಕಾಳನ್ನೂ ಬಿಸಾಕಿದ್ದೇನೆ.

ಸಂಘದಿಂದ ಖಾರದ ಗಿರಣಿ ತರುವುದು ಠರಾವಾಗಿತ್ತು. ಮೆಣಸಿನಕಾಯಿ ಹೊತ್ತು ಅಂಕಲಗಿಗೆ ಹೋಗಿ ಹೋಗಿ ಎಲ್ಲರಿಗೂ ಸಾಕಾಗಿತ್ತು. ಗೋಕಾಕದಲ್ಲಿ ಯಂತ್ರ ನೋಡಿಟ್ಟು ಬಂದಿದ್ದರು. ಉಳಿದದ್ದು ಒಂದೇ, ಅದನ್ನು ಎಲ್ಲಿ ಕೂಡಿಸುವುದು. ಜಾಗ ಇದ್ದದ್ದು ಇಬ್ಬರಲ್ಲಿ. ರಸ್ತೆಯ ದಂಡೆಗೆ ನನ್ನದೊಂದು ಖಾಲಿ ಕೊಟ್ಟಿಗೆ, ಸದಾ ಬೀಗ ಹಾಕಿದ್ದು. ಇನ್ನೊಂದು ನೆಗೆಣ್ಣಿಯ ಹಿತ್ತಲ ಕೋಣೆ. ಗಿರಣಿ ನನ್ನಲ್ಲಿಗೆ ಬಂದರೆ ಹೆಂಗಸರು ಮತ್ತೆ ನನ್ನ ಕಡೆ ಬರುತ್ತಾರೆ. ನನಗೆ ಬೇಕಾದದ್ದು ಅಷ್ಟೇ.

ಅಷ್ಟರಲ್ಲಿ ಅವಳು ಹುಕ್ಕೇರಿಯಲ್ಲಿ ಮೂರು ದಿನದ ತರಬೇತಿ ಮುಗಿಸಿ ಬಂದಳು. ಅಲ್ಲಿ ಒಂದು ಪಟ್ಟಿ ಹಾಕುವುದು ಕಲಿಸಿದ್ದರಂತೆ. ದೊಡ್ಡ ಕಾರ್ಖಾನೆಯವರು, ಇಂಜಿನಿಯರರು ಸಹ ಹೀಗೇ ನಿರ್ಧಾರ ಮಾಡುತ್ತಾರಂತೆ. ಮೂಡಲಗಿ ಕಡೆಯ ಸಂಘದವರು ಹೀಗೆ ಮಾಡಿಯೇ ಶ್ಯಾವಿಗೆ ಯಂತ್ರ ತಂದರಂತೆ. ಅಂತೆ ಅಂತೆ ಕೇಳಿ ನನ್ನ ಮೈ ಉರಿಯಿತು.

ಬಸವಣ್ಣನ ಗುಡಿಯ ಪೌಳಿಯಲ್ಲಿ ಅವಳು ರಂಗೋಲಿ ಪುಡಿಯಿಂದ ಚೌಕ ಎಳೆದಳು. ಹೆಂಗಸರು ಹೇಳಿದ ಹಾಗೆ ನಾಲ್ಕು ಪ್ರಶ್ನೆ ಆದವು: ಹಾದಿ ಹತ್ತಿರವೇ, ಕರೆಂಟಿನ ಕಂಬ ಹತ್ತಿರವೇ, ಖಾರದ ಘಾಟು ಯಾರಿಗಾದರೂ ಬಡಿಯುತ್ತದೆಯೇ, ಹೋದಾಗ ಬಾಗಿಲು ತೆರೆದಿರುತ್ತದೆಯೇ.

“ಹತ್ತ ಕಲ್ಲ ಅದಾವ್ರಿ. ಯಾವದು ಎಷ್ಟ ಮುಖ್ಯ ನೋಡಿ ಹಂಚೂನು. ಮನಿ ಮಾತು ಆಮ್ಯಾಲ. ಮನಿ ನೆನಸಿಕೊಂಡು ಕಲ್ಲ ಇಟ್ರ ತಕ್ಕಡಿ ಮೊದಲ ವಾಲತೈತಿ” ಅಂದಳು.

ನಾನು ನೆನಸಿಕೊಂಡೇ ಇಟ್ಟೆ. “ಬಾಗಲಕ್ಕ ನಾಕ ಹಾಕ್ರಿ! ಇವತ್ತ ಹುಕ್ಕೇರಿ, ನಾಳಿ ಮೂಡಲಗಿ ಅಂತ ತಿರಗೋರ ಮನಿಯಾಗ ಗಿರಣಿ ಇಟ್ರ, ನಾವು ಮೆಣಸಿನಕಾಯಿ ಹೊತಗೊಂಡು ಕೀಲಿ ಮಾರಿ ನೋಡ್ಕೋತ ನಿಂದರಬೇಕೇನು?”

“ಮನಿ ಮಾತು ಬ್ಯಾಡಂದೆ ಅಕ್ಕಾ” ಅಂದಳು. “ಆದ್ರ ನೀವು ಅಂದದ್ದು ಖರೆ ಐತ್ರಿ. ನಾಕ ಇರಲಿ.”

ಹಾದಿಗೆ ಎರಡು ಕಲ್ಲು, ಕಂಬಕ್ಕೆ ಮೂರು, ಘಾಟಿಗೆ ಒಂದು, ಬಾಗಿಲಿಗೆ ನಾಲ್ಕು. ಆಮೇಲೆ ನಮ್ಮಿಬ್ಬರನ್ನು ಬಿಟ್ಟು ಉಳಿದ ಹತ್ತು ಹೆಂಗಸರು ಒಂದೊಂದು ಪ್ರಶ್ನೆಗೆ ಒಂದೊಂದು ಜೋಳದ ಕಾಳನ್ನು, ನನ್ನ ಜಾಗ ವಾಸಿ ಎನಿಸಿದರೆ ನನ್ನ ಕಡೆಗೆ, ಅವಳದು ಎನಿಸಿದರೆ ಅವಳ ಕಡೆಗೆ ಇಡಬೇಕು. ಹಾದಿಗೆ ನನಗೆ ಏಳು, ಅವಳಿಗೆ ಮೂರು. ಕಂಬಕ್ಕೂ ಹಾಗೇ. ಘಾಟಿಗೆ ಐದು ಐದು. ನಾನು ಸೆರಗು ಸರಿಮಾಡಿಕೊಂಡು ಕುಳಿತೆ.

ಬಾಗಿಲಿನ ಸರದಿ ಬಂತು. ಜೈನರ ಮನೆಯ ಮುದುಕಿ, ಊರಿಗೆಲ್ಲ ಕಾಕಿ, ತನ್ನ ಕಾಳನ್ನು ನೆಗೆಣ್ಣಿಯ ಕಡೆ ಇಟ್ಟಳು.

“ಏನ್ರಿ ಕಾಕಿ, ನಾ ಎಲ್ಲಿ ಹೋಗತೇನಿ? ಮೂರೂ ಹೊತ್ತು ಮನಿಯಾಗ ಇರತೇನಿ!”

“ಇರತಿ. ಅದಕ್ಕ ಹೆದರಿಕಿ. ಹ್ವಾದ ವರ್ಷ ಕೊಟಗ್ಯಾಗಿನ ಏಣಿ ಕೇಳಾಕ ಬಂದ್ರ, ಕೀಲಿಕೈ ಕೊಡೂದರಾಗ ನನ್ನ ಸೊಸಿ ಕುಲಾ ಎಲ್ಲಾ ಜಾಲಾಡಿದಿ. ಅಂಕಲಗಿಗೆ ನಡಕೊಂಡು ಹೋಗೂದು ಅದಕ್ಕಿಂತ ಹಗೂರ ಐತಿ.”

ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ನಗುತ್ತಲೇ ಕಾಳು ಇಟ್ಟರು. ಅವಳಿಗೆ ಎಂಟು, ನನಗೆ ಎರಡು.

ಒಂದೊಂದು ಪ್ರಶ್ನೆಯ ಕಾಳನ್ನು ಅದರ ಮುಂದಿನ ಕಲ್ಲಿನಷ್ಟು ಸಲ ಎಣಿಸಬೇಕು. ನೆಗೆಣ್ಣಿ ಎಣಿಸಿದಳು. ನನಗೆ ನಲವತ್ತೆಂಟು, ಅವಳಿಗೆ ಐವತ್ತೆರಡು. ನಾನೇ ಹಟ ಹಿಡಿದು ಇಡಿಸಿದ ನಾಲ್ಕು ಕಲ್ಲು ನನ್ನನ್ನೇ ಕೆಡವಿದ್ದವು.

ಅವಳು ಅಲ್ಲಿಗೇ ಎದ್ದಿದ್ದರೆ ಗಿರಣಿ ಅವಳದಾಗುತ್ತಿತ್ತು. ಏಳಲಿಲ್ಲ. ಬಾಗಿಲಿನ ಪ್ರಶ್ನೆ ಬಿಟ್ಟು ಮತ್ತೆ ಎಣಿಸಿದಳು: ನನಗೆ ನಲವತ್ತು, ಅವಳಿಗೆ ಇಪ್ಪತ್ತು. ಆಮೇಲೆ ಬಾಗಿಲಿನ ಒಂದು ಕಾಳನ್ನು ನನ್ನ ಕಡೆ ಸರಿಸಿ ಎಣಿಸಿದಳು: ನನಗೆ ಐವತ್ತೆರಡು. ಕಾಳನ್ನು ತಿರುಗಿ ಅದರ ಜಾಗಕ್ಕೆ ಇಟ್ಟಳು.

“ಒಂದ ಕಾಳಿಗೆ ಉತ್ತರ ತಿರಗತೈತಿ ಅಂದ್ರ ಅವಸರ ಮಾಡಬಾರದಂತ ಹೇಳ್ಯಾರ್ರಿ. ಹಾದಿ ಸರಸಾಕ ಬರೂದಿಲ್ಲ, ಕಂಬ ಸರಸಾಕ ಬರೂದಿಲ್ಲ. ಬಾಗಲದ್ದು ಅಕ್ಕಾರ ಕೈಯಾಗ ಐತಿ. ನಾಳಿ ಅದೊಂದ ಮತ್ತ ಕೇಳೂನು.” ಗುಬ್ಬಿ ತಿನ್ನಬಾರದೆಂದು ಎಲ್ಲ ಕಾಳಿನ ಮೇಲೂ ದೊಡ್ಡ ಬುಟ್ಟಿ ಬೋರಲು ಹಾಕಿದಳು.

ನನಗೆ ಎಲ್ಲಕ್ಕಿಂತ ಹೆಚ್ಚು ಉರಿದದ್ದು ಇದೇ. ಅವಳು ಗಿರಣಿ ಕಸಿದುಕೊಂಡಿದ್ದರೆ ಹತ್ತು ವರ್ಷ ಬೈಯಬಹುದಿತ್ತು. ಬೈಯಲಿಕ್ಕೂ ಜಾಗ ಇಡಲಿಲ್ಲ.

ಮರುದಿನ ಮುಂಜಾನೆ ನೆಗೆಣ್ಣಿ ಅಂಗಳಕ್ಕೆ ನೀರು ಹೊಡೆಯುತ್ತಿದ್ದಳು. ಅವಳ ಮುಂದಿನಿಂದಲೇ ಕೊಟ್ಟಿಗೆಯ ಕೀಲಿಕೈ ಹಿಡಿದು ಕಾಕಿಯ ಮನೆಗೆ ಹೋದೆ.

“ಗಿರಣಿ ನನ್ನ ಕೊಟಗ್ಯಾಗ, ಕೀಲಿಕೈ ನಿಮ್ಮ ಗೂಟಕ್ಕ. ಯಾರೂ ನನ್ನ ಕೇಳೂದು ಬ್ಯಾಡ” ಅಂದೆ.

ಕಾಕಿ ಅದನ್ನು ಅಂಗೈಯಲ್ಲಿ ತೂಗಿ ನೋಡಿದಳು. “ಮತ್ತ ನಿನ್ನ ನಾಲಗಿ?”

“ಅದು ನನ್ನ ಕಡೇನ ಇರತೈತ್ರಿ.”

ಕಾಕಿ ನಕ್ಕು ಚಪ್ಪಲಿ ಮೆಟ್ಟಿದಳು. ಗುಡಿಗೆ ಬಂದು, ಬುಟ್ಟಿ ಎತ್ತಿ, ಬಾಗಿಲಿನ ಚೌಕದಲ್ಲಿದ್ದ ತನ್ನ ಕಾಳನ್ನು ನನ್ನ ಕಡೆ ಸರಿಸಿದಳು. ನೆಗೆಣ್ಣಿ ಅಲ್ಲಿಗೆ ಬರುವಷ್ಟರಲ್ಲಿ ನಾನು ಎಲ್ಲ ಚೌಕಗಳನ್ನೂ ಎರಡು ಸಲ ನಾನೇ ಎಣಿಸಿ ಮುಗಿಸಿದ್ದೆ.