ಉಗುರುಬಣ್ಣದ ಗುರುತು

ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೂ ಒಂದಿತ್ತು, ಆದರೆ ಅದನ್ನು ಕರೆಯುವವರು ಯಾರೂ ಉಳಿದಿರಲಿಲ್ಲ. ಎಲ್ಲರ ಬಾಯಲ್ಲೂ ಅವನು ಟೆಸ್ಟರ್. ಕಾರುಗಳ ವೈರಿಂಗ್ ಅವನ ಕಸುಬು. ಜೇಬಿನಲ್ಲಿ ಸದಾ, ಕರೆಂಟು ಹರಿದರೆ ಬೆಳಗುವ ಒಂದು ಟೆಸ್ಟ್ ಲ್ಯಾಂಪು. ಅದು ಬೆಳಗದ ಹೊರತು ಯಾರ ಮಾತನ್ನೂ ನಂಬುವ ಜಾತಿಯವನಲ್ಲ. ಹಾಲು ಮೂಸಿ ನೋಡಿ ಕುಡಿಯುವವನು, ಬೀಗ ಹಾಕಿ ಮೂರು ಸಲ ಜಗ್ಗುವವನು. ಮನೆಗೆ ಫ್ರಿಜ್ ಬಂದ ದಿನ, ಬಾಗಿಲು ಮುಚ್ಚಿದ ಮೇಲೆ ಒಳಗಿನ ದೀಪ ಆರುತ್ತದೋ ಇಲ್ಲವೋ ಎಂದು ಸಂದಿಗೆ ಕಣ್ಣಿಟ್ಟು ಅರ್ಧ ಗಂಟೆ ಕೂತಿದ್ದ ಮಹಾನುಭಾವ. "ಮದುವೆಗೆ ಮುಂಚೆ ನನಗೂ ಲ್ಯಾಂಪ್ ಹಚ್ಚಿ ನೋಡಲಿಲ್ವಲ್ಲ, ನನ್ನ ಪುಣ್ಯ" ಎನ್ನುತ್ತಿದ್ದಳು ಹೆಂಡತಿ.

ಅವಳ ಉಗುರುಬಣ್ಣದ ಶೀಶೆಗಳು ಮನೆಯಲ್ಲಿ ಎಂದೂ ತಳ ಕಂಡಿದ್ದಿಲ್ಲ, ಅಷ್ಟರೊಳಗೆ ಅವನ ರಿಪೇರಿ ಶೆಡ್ಡು ಸೇರುತ್ತಿದ್ದವು. ಬಿಗಿದ ಪ್ರತಿ ಸ್ಕ್ರೂ ತಲೆಯ ಮೇಲೆ ಟೆಸ್ಟರ್ ಒಂದು ತೊಟ್ಟು ಬಣ್ಣ ಇಡುತ್ತಿದ್ದ. ಆಮೇಲೆ ಯಾರಾದರೂ ಆ ಸ್ಕ್ರೂ ತಿರುಗಿಸಿದರೆ ತೊಟ್ಟು ಬಿರಿಯಬೇಕು, ಕಳ್ಳ ಸಿಕ್ಕಿಬೀಳಬೇಕು. ಹದಿನಾರು ವರ್ಷದಲ್ಲಿ ಒಬ್ಬ ಕಳ್ಳನೂ ಸಿಕ್ಕಿರಲಿಲ್ಲ. ಅದರಿಂದ ಅವನ ಅನುಮಾನವೇನೂ ಕಡಿಮೆಯಾಗಿರಲಿಲ್ಲ, ಕಳ್ಳ ಬಲು ಜಾಣನಿರಬೇಕು ಎಂದುಕೊಂಡಿದ್ದ.

ಶೆಡ್ಡಿನ ಇನ್ನರ್ಧ ಅವನ ಭಾಮೈದನದು, ಅಂದರೆ ಹೆಂಡತಿಯ ತಮ್ಮನದು. ಅವನು ಕಾರುಗಳಿಗೆ ಬಣ್ಣ ಹೊಡೆಯುವವನು. ಯಾವ ಹಳೇ ಬಣ್ಣ ತೋರಿಸಿದರೂ ಅದಕ್ಕೆ ಕೂದಲೆಳೆ ವ್ಯತ್ಯಾಸವಿಲ್ಲದಂತೆ ಹೊಸದನ್ನು ಕಲಸುತ್ತಿದ್ದ. ಟೆಸ್ಟರ್ ಜೊತೆ ನಗುತ್ತಾ ಬಾಳುವ ಪ್ರಾಣಿ ಭೂಮಿಯ ಮೇಲೆ ಅವನೊಬ್ಬನೇ. "ನಮ್ಮ ಭಾವನ ಹತ್ರ ಅರ್ಥಿಂಗ್ ಬೇಕಾದಷ್ಟಿದೆ, ಅರ್ಥ ಆಗೋದೊಂದೇ ಕಮ್ಮಿ" ಎಂದು ಗಿರಾಕಿಗಳ ಎದುರೇ ರೇಗಿಸುತ್ತಿದ್ದ. ಟೆಸ್ಟರ್ ಮುಖ ಗಂಟಿಕ್ಕಿಕೊಂಡೇ ಒಳಗೊಳಗೆ ಖುಷಿಪಡುತ್ತಿದ್ದ.

ಆ ವಾರ ನಿವೃತ್ತ ಟೀಚರಮ್ಮನೊಬ್ಬರು ಐವತ್ತು ವರ್ಷದ ಕಾರೊಂದನ್ನು ತಂದು ನಿಲ್ಲಿಸಿದರು. ಹಿಂಭಾಗಕ್ಕೆ ಬಣ್ಣ ಆಗಬೇಕು, ಹಿಂದಿನ ಕೆಂಪು ದೀಪಗಳು ಸರಿಯಾಗಬೇಕು, ಶನಿವಾರ ಕಾರು ಬೇಕು. ಭಾಮೈದ ಎರಡು ದಿನದಲ್ಲಿ ಬಣ್ಣ ಮುಗಿಸಿ ಕಾರನ್ನು ಈ ಕಡೆಗೆ ದೂಡಿದ. ಟೆಸ್ಟರ್ ಕೆಂಪು ಗಾಜು ಬಿಚ್ಚಿದರೆ ಒಳಗೆ ಸಾಕೆಟ್ಟುಗಳು ಮುದಿಯಾಗಿ ಕೂತಿದ್ದವು. ಬಲ್ಬು ಹಿಡಿದಿಡುವ ಸ್ಪ್ರಿಂಗು ಸೋತಿತ್ತು, ಬಲ್ಬಿಗೆ ಕರೆಂಟು ಮುಟ್ಟಿಸುವ ತಳದ ಬಿಲ್ಲೆ ಸವೆದಿತ್ತು. ತುಕ್ಕು ಕೆರೆದು, ಸ್ಪ್ರಿಂಗು ಎಳೆದು ಬಿಗಿ ಮಾಡಿ, ಕೂಡಿಸಿದ. ದೀಪ ಬೆಳಗಿತು. ತೊಟ್ಟಿಟ್ಟ.

ಮರುದಿನ ಬೆಳಿಗ್ಗೆ ಬಲಗಡೆಯ ದೀಪ ಸತ್ತಿತ್ತು. ಉಗುರುಬಣ್ಣ ಮಾತ್ರ ಇಟ್ಟ ಹಾಗೇ ಇತ್ತು. ಬೇರೆ ಯಾರಾದರೂ ಆಗಿದ್ದರೆ ಸವೆದ ಬಿಲ್ಲೆ ಮತ್ತೆ ಕೈಕೊಟ್ಟಿತು, ಹೊಸದೇ ಹಾಕಬೇಕು ಎನ್ನುತ್ತಿದ್ದರು. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ. ತೊಟ್ಟು ಬಿರಿದಿಲ್ಲ ಎಂದರೆ, ಬಿಚ್ಚಿದವನು ಮತ್ತೆ ಅದೇ ಬಣ್ಣದ ತೊಟ್ಟಿಡಬಲ್ಲವನು, ಹಾಗೆಂದ ಮೇಲೆ ಆ ಕೈ ಯಾರದು? ಹೋದ ವಾರದಿಂದ ಭಾಮೈದ ಶೆಡ್ಡಿನ ಹಿಂದೆ ಹೋಗಿ ಫೋನಿನಲ್ಲಿ ಪಿಸುಗುಡುತ್ತಿದ್ದ, ಇವನನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದ. ತಲೆಯೊಳಗೆ ಹುಳ ಬಿಡಲು ಇನ್ನೇನು ಬೇಕು! ನನ್ನ ಹೆಸರು ಕೆಡಿಸಿ, ಗಿರಾಕಿಗಳನ್ನು ಕಟ್ಟಿಕೊಂಡು ಬೇರೆ ಹೋಗುವ ಹಂಚಿಕೆ ಎಂದು ಟೆಸ್ಟರ್ ತೀರ್ಮಾನಿಸಿಬಿಟ್ಟ. ತೀರ್ಮಾನಿಸಿದ ಮೇಲೆ ಊಟ ಸೇರಲಿಲ್ಲ. ಹೋದರೆ ಹೋಗಲಿ ಎನ್ನುವುದೇನೋ ಸುಲಭ, ಅವನಿಲ್ಲದ ಶೆಡ್ಡಿನಲ್ಲಿ ತಾನು ಯಾರೊಂದಿಗೆ ಮಾತಾಡುವುದು?

ಗುರುವಾರ ಭಾಮೈದ ಚಹಾ ಕುಡಿಯಲು ಹೊರಗೆ ಹೋದ ಹೊತ್ತು. ಟೆಸ್ಟರ್ ಎರಡೂ ಸಾಕೆಟ್ಟುಗಳಿಗೆ ಹೊಸ ಬಿಲ್ಲೆ, ಹೊಸ ಸ್ಪ್ರಿಂಗು ಹಾಕಿ, ವೈರಿನ ತುದಿಗೆ ಬೆಸುಗೆ ಕೊಟ್ಟು, ಕರೆಂಟು ಕಾರಿನ ಮೈಗೆ ಇಳಿಯಲೆಂದು ಸಾಕೆಟ್ಟು ಕೂರುವ ಜಾಗವನ್ನು ಎಮರಿ ಕಾಗದದಲ್ಲಿ ಬೆಳ್ಳಗೆ ಉಜ್ಜಿದ. ಕೂಡಿಸಿ ನೋಡಿದರೆ ದೀಪಗಳು ಝಗ್ಗೆಂದವು. ಆಮೇಲೆ ಸ್ಕ್ರೂಗಳನ್ನು ಪುನಃ ಬಿಚ್ಚಿದ. ಮೇಲೆ ಇಟ್ಟ ತೊಟ್ಟನ್ನು ಪೇಂಟರು ನಕಲು ಮಾಡಬಹುದು; ಕಾಣದ ಕಡೆ ಇಟ್ಟರೆ? ಸಾಕೆಟ್ಟನ್ನು ಕಾರಿಗೆ ಬಿಗಿಯುವ ಕಿವಿಗಳ ಅಡಿಗೆ, ಉಜ್ಜಿದ ಜಾಗದ ಮೇಲೆ, ಸ್ಕ್ರೂವಿನ ಸುತ್ತುಗಳಿಗೂ ಧಾರಾಳವಾಗಿ ಬಣ್ಣ ಬಳಿದು ಬಿಗಿದ. ಅಷ್ಟರಲ್ಲಿ ಭಾಮೈದ ಬಾಗಿಲಲ್ಲಿ ಕಾಣಿಸಿಕೊಂಡ. ಟೆಸ್ಟರ್ ಶೀಶೆಯನ್ನು ಲಬಕ್ಕನೆ ಜೇಬಿಗಿಳಿಸಿ ಸೀಟಿ ಹೊಡೆಯತೊಡಗಿದ, ಹುಟ್ಟಿದಾಗಿನಿಂದ ಸೀಟಿ ಹೊಡೆಯದವನು. ಆ ಗಡಿಬಿಡಿಯಲ್ಲಿ ಎರಡನೇ ಸಲ ದೀಪ ಬೆಳಗಿಸಿ ನೋಡುವುದು ಮರೆತೇ ಹೋಯಿತು.

ಶುಕ್ರವಾರ ಬೆಳಿಗ್ಗೆ ನೋಡಿದರೆ ದೀಪಗಳಿಗೆ ಹುಚ್ಚು ಹಿಡಿದಿತ್ತು. ಬ್ರೇಕು ಒತ್ತಿದರೆ ತಿರುವಿನ ದೀಪ ಮಿಣುಕುತ್ತದೆ, ತಿರುವಿನದು ಹಾಕಿದರೆ ಎಲ್ಲವೂ ಮಂಕಾಗುತ್ತವೆ. ಟೆಸ್ಟರ್ ಸ್ಕ್ರೂಡ್ರೈವರ್ ನೆಲಕ್ಕೆ ಎಸೆದು ಭಾಮೈದನ ಕಡೆ ತಿರುಗಿದ.

"ಏನು ಮಾಡಿದೆ ಇದಕ್ಕೆ? ನಿಜ ಹೇಳು."

"ನಾನಾ? ನಾನು ಮುಟ್ಟಿದ್ರೆ ಕೇಳಿ ಭಾವ."

"ಬೇರೆ ಶೆಡ್ ಹಾಕೋಕೆ ನನ್ನ ಮಾನ ಯಾಕೆ ಕಳೀತೀಯ? ಫೋನಲ್ಲಿ ಗುಸುಗುಸು ಅಂತಿದ್ದದ್ದು ನಂಗೆ ಗೊತ್ತಿಲ್ಲ ಅಂದ್ಕೊಂಡ್ಯಾ?"

ಭಾಮೈದ ಕೈ ಒರೆಸಿಕೊಂಡ. "ಬಸ್ ಸ್ಟ್ಯಾಂಡ್ ಹತ್ರದ ಗ್ಯಾರೇಜಿನೋರು ಕೆಲಸಕ್ಕೆ ಕರೀತಿದ್ರು. ಭಾವನ್ನ ಬಿಟ್ಟು ಬರಲ್ಲ ಅಂತ ನಾಲ್ಕು ಸಲ ಹೇಳಿದೀನಿ. ನಿಮ್ಮೆದುರಿಗೆ ಹೇಳೋಕೆ ನಾಚಿಕೆ ಆಯ್ತು, ಅಷ್ಟೇ. ಈಗ ಆ ನಾಚಿಕೇನೂ ಬೇಕಿಲ್ಲ ಬಿಡಿ." ಸ್ಪ್ರೇ ಗನ್ನು, ಬ್ರಷ್ಷುಗಳು, ಮುಖಕ್ಕೆ ಕಟ್ಟುವ ಬಟ್ಟೆ, ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ನಡೆದುಬಿಟ್ಟ.

ಸಿಕ್ಕಿಬಿದ್ದ ಕಳ್ಳ ಇನ್ನೇನು ಹೇಳುತ್ತಾನೆ ಎಂದು ಟೆಸ್ಟರ್ ತನಗೆ ತಾನೇ ಅಂದುಕೊಂಡ. ಸಾಕ್ಷಿ ಹುಡುಕಲು ಕೂತ. ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ಬ್ಯಾಟರಿಗೆ ಸಿಕ್ಕಿಸಿ ಮೊನೆಯನ್ನು ಕಾರಿನ ಮೈಗೆ ಮುಟ್ಟಿಸಿದ, ಬೆಳಗಿತು. ಸಾಕೆಟ್ಟಿನ ಮೈಗೆ ಮುಟ್ಟಿಸಿದ, ಮಂಕು. ಅಂದರೆ ಸಾಕೆಟ್ಟಿಗೆ ಕಾರಿನ ಮೈ ಸಿಕ್ಕಿಲ್ಲ, ಅರ್ಥಿಂಗ್ ಇಲ್ಲ. ದಾರಿ ಸಿಗದ ಕರೆಂಟು ಪಕ್ಕದ ದೀಪದೊಳಗೆ ನುಸುಳುತ್ತಿದೆ. ಸ್ಕ್ರೂ ಬಿಚ್ಚಿ ಸಾಕೆಟ್ಟನ್ನು ಎತ್ತಿದ. ಕಿವಿಗಳ ಅಡಿಯಲ್ಲಿ ಅವನೇ ಬಳಿದ ಉಗುರುಬಣ್ಣ ಒತ್ತಿ ಹರಡಿ, ಉಜ್ಜಿದ ಜಾಗವನ್ನೆಲ್ಲ ಮುಚ್ಚಿ, ಒಣಗಿ ಕರೆಂಟು ದಾಟದ ಗಾಜಿನಂತಾಗಿತ್ತು. ಅವನು ಬಿಚ್ಚುವ ತನಕ ಎಲ್ಲೂ ಬಿರಿದಿರಲಿಲ್ಲ. ಯಾರೂ ಮುಟ್ಟಿರಲಿಲ್ಲ.

ಬಣ್ಣ ಕೆರೆದ. ಎರಡೂ ದೀಪಗಳು ಕಣ್ಣು ಕುಕ್ಕುವ ಹಾಗೆ ಬೆಳಗಿದವು. ಇಷ್ಟು ವರ್ಷದಲ್ಲಿ ಕೆಲಸ ಸರಿಯಾಯಿತೆಂದು ಅವನಿಗೆ ಸಂಕಟವಾದದ್ದು ಅದೇ ಮೊದಲು.

ಸಂಜೆ ಭಾಮೈದನ ಮನೆಗೆ ಹೋದ. ಭಾಮೈದ ಮೆಟ್ಟಿಲ ಮೇಲೆ ಕೂತು ಬ್ರಷ್ಷು ತೊಳೆಯುತ್ತಿದ್ದ. ಟೆಸ್ಟರ್ ನಿಂತೇ ಹೇಳಿದ. "ತಪ್ಪು ನಂದು. ಅರ್ಥಿಂಗ್ ಜಾಗಕ್ಕೆ ನಾನೇ ಉಗುರುಬಣ್ಣ ಹಚ್ಚಿಬಿಟ್ಟಿದ್ದೆ."

"ಗೊತ್ತು."

"ಗೊತ್ತಾ?"

"ನಿನ್ನೆ ಚಹಾ ಕುಡಿದು ಬಂದಾಗ್ಲೇ ವಾಸನೆ ಬಂತು. ನಾನು ಪೇಂಟರು ಅಲ್ವಾ ಭಾವ. ಸಾಕೆಟ್ಟಿನ ಅಂಚಲ್ಲಿ ಜಿನುಗಿದ್ದೂ ಕಾಣಿಸ್ತು. ಅಲ್ಲಿ ಬಣ್ಣ ತಾಗಬಾರದು ಅಂತ ನನಗೆ ಕಲಿಸಿಕೊಟ್ಟಿದ್ದು ನೀವೇ."

"ಹಾಗಾದ್ರೆ ಬೆಳಿಗ್ಗೆ ಹೇಳ್ಬಾರದಿತ್ತಾ? ಇಷ್ಟೆಲ್ಲ ಆಗ್ತಾನೇ ಇರಲಿಲ್ಲ."

ಭಾಮೈದ ತಲೆ ಎತ್ತಿದ. "ಹೇಳಿದ್ರೆ ನೀವೇನಂತಿದ್ರಿ?"

ಟೆಸ್ಟರ್ ಸುಳ್ಳು ಹೇಳಬಹುದಿತ್ತು. ನಾಲಿಗೆ ಏಳಲಿಲ್ಲ. "ನೀನೇ ಹಚ್ಚಿದ್ದು ಅಂತಿದ್ದೆ."

"ಅದಕ್ಕೇ ಹೇಳಲಿಲ್ಲ."

ಟೆಸ್ಟರ್ ಸೋಮವಾರ ಶೆಡ್ಡಿಗೆ ಬಾ ಎಂದು ಕೇಳಲು ಬಂದವನು ಅದನ್ನು ಕೇಳಲಾರದೆ ನಿಂತ. ಭಾಮೈದನೇ ಅದನ್ನು ತಿಳಿದು ಮೆಲ್ಲಗೆ ಹೇಳಿದ.

"ಆ ಗ್ಯಾರೇಜಿನೋರಿಗೆ ಬರ್ತೀನಿ ಅಂದಾಯ್ತು ಭಾವ. ನಿಮ್ಮ ಮೇಲೆ ಸಿಟ್ಟಿಲ್ಲ. ಹದಿನಾರು ವರ್ಷ ನನ್ನ ಕೈ ಮೇಲೇ ಕಣ್ಣಿಟ್ಟಿದ್ರಿ, ನನಗೂ ಸುಸ್ತಾಯ್ತು."

ಅವನು ಪಕ್ಕಕ್ಕೆ ಸರಿದು ಮೆಟ್ಟಿಲ ಮೇಲೆ ಜಾಗ ಮಾಡಿಕೊಟ್ಟ. ಟೆಸ್ಟರ್ ಕೂತ. ಗ್ಯಾರೇಜಿನವರಿಗೆ ಬರ್ತೀನಿ ಅಂದದ್ದು ನಿಜವೋ ಸುಳ್ಳೋ ಎಂಬ ಅನುಮಾನ ಕೂಡ ಅವನಿಗೆ ಬರಲಿಲ್ಲ.